ನಾಕ್ ಸೆನ್ಸರು ಮತ್ತು ನನ್ನ ಹೂಂ

ನನ್ನ "ಹೂಂ"ಗೆ ಅರ್ಥವಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೂಂ ಅಂದರೆ ಕೇಳಿಸಿಕೊಂಡೆ ಎಂದಲ್ಲ; ಎದುರಿಗಿದ್ದವರು ಮಾತು ಮುಗಿಸಿದ್ದು ಗೊತ್ತಾಯಿತು ಎಂದಷ್ಟೇ. ಮೂಡಲಗಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ನನಗೆ ಒಂದು ಮೋಡ ಕಂಡರೆ ಸಾಕು, ಮನಸ್ಸು ಅಲ್ಲಿಗೇ ಹೋಗಿ ಕೂತುಬಿಡುತ್ತದೆ. ಕಾರು ಓಡಿಸುತ್ತ ಕಲ್ಲೋಳಿ ದಾಟುವಾಗ ಕಬ್ಬಿನ ಹೂವು, ಸೂಲಂಗಿ, ಬಿಳಿಬಿಳಿಯಾಗಿ ತೂಗುತ್ತಿದ್ದರೆ ಹಿಂದಿನ ಲಾರಿಯ ಹಾರ್ನು ಕೂಡ ಎಲ್ಲೋ ದೂರದಲ್ಲಿ ಊದಿದಂತೆ ಹಿತವಾಗಿರುತ್ತದೆ. ಹೀಗಾಗಿ ನಮ್ಮ ದೊಡ್ಡ ಕಾರಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿಕೊಂಡದ್ದು ಯಾವಾಗಿನಿಂದ ಎಂದು ಹೇಳಲಾರೆ. ಆ ಪುಟ್ಟ ಚಿತ್ರ ಚೆನ್ನಾಗಿದೆ ಅಂದುಕೊಂಡದ್ದು ಮಾತ್ರ ನೆನಪಿದೆ.

ಆ ದೀಪ ಕಂಡು ನನ್ನ ಹೆಂಡತಿ ಸುಮಂಗಲಾ ಗಾಬರಿಯಾದಳು. ಆ ಭಾನುವಾರ ಹುಕ್ಕೇರಿಯಲ್ಲಿ ಅವಳ ತಮ್ಮನ ಮಗಳಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ರಮ. ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಕರೆಯಬೇಕಾದವಳು ಸೋದರತ್ತೆ. ಕರೆಯುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹನ್ನೊಂದು ವರ್ಷ ಮಗುವಿಗಾಗಿ ಕಾದ ಮನೆ ಅದು. ಗುದ್ದಿಸಿಕೊಳ್ಳಲು ಸುಮಂಗಲಾಳ ಬೆನ್ನೂ ಅಷ್ಟೇ ವರ್ಷ ಕಾದಿತ್ತು. ಶುಕ್ರವಾರ ಕಾರನ್ನು ಗೋಕಾಕಿನ ದಸ್ತಗೀರ್ ಮೇಸ್ತ್ರಿಯ ಗ್ಯಾರೇಜಿನಲ್ಲಿ ಬಿಟ್ಟು ಬಂದೆ.

ಶನಿವಾರ ಮುಂಜಾನೆ ಮೇಸ್ತ್ರಿಯ ಫೋನು ಬಂತು. "ಸರ್, ಸ್ಕ್ಯಾನರ್ ಹಚ್ಚಿ ನೋಡೇನ್ರಿ. ನಾಕ್ ಸೆನ್ಸರ್ ಕೋಡ್ ತೋರ್ಸಾಕತ್ತೈತಿ." ಕಿಟಕಿಯಾಚೆ ಆನೆಯಂತಿದ್ದ ಮೋಡವೊಂದು ನಿಧಾನವಾಗಿ ಒಂಟೆಯಾಗುತ್ತಿತ್ತು. ನಾನು ಹೂಂ ಅಂದೆ. ನಮ್ಮ ಕಡೆ ನಾಕ ಅಂದರೆ ನಾಲ್ಕು. ನಾಲ್ಕು ಸೆನ್ಸರು ಹೋದ ಮೇಲೆ ಕಾರಿನಲ್ಲಿ ಉಳಿಯುವುದೇನು? ಎಂದೂ ಇಲ್ಲದ ಜವಾಬ್ದಾರಿ ಮೈಮೇಲೆ ಬಂದು, ಹುಕ್ಕೇರಿಗೆ ಫೋನು ಮಾಡಿ, ನಾವು ಬರುವುದಿಲ್ಲ ಎಂದುಬಿಟ್ಟೆ. ಮೈದುನ ಪೇಚಾಡಿಕೊಂಡ. "ಹಂಗಾರ ಕಾಕಾನ ಮಗಳಿಗೆ ಹೆಸರ ಕರಿ ಅಂತ ಹೇಳತೇನ್ರಿ, ಮಾಮಾ" ಎಂದ.

ಸುದ್ದಿ ತಿಳಿದ ಸುಮಂಗಲಾ ನನ್ನನ್ನೇ ನೋಡಿದಳು. "ನಾಕ ಸೆನ್ಸರ್ ಹ್ವಾದ್ರ ಹೋಗ್ಲಿ. ಬಸ್ ಸತ್ತಾವೇನ್ರಿ?"

ಬಸ್ಸಿನ ವಿಚಾರ ನನಗೆ ಖಂಡಿತ ಹೊಳೆದಿರಲಿಲ್ಲ. ಅವಳು ಕೂಸಿಗೆಂದು ಹೊಲಿದ ಕುಲಾವಿಯನ್ನು ಮಡಚಿಟ್ಟು, "ಯಾರ ಕರದರೇನು, ಹೆಸರ ಬಂದ್ರ ಆತು" ಎಂದು ಗೋಡೆಯ ಕಡೆ ತಿರುಗಿದಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಇವತ್ತೇ ಕಾರು ಸರಿಮಾಡಿಸೋಣ ಎಂದು ಅವಳನ್ನು ಒತ್ತಾಯಿಸಿ ಬಸ್ಸು ಹತ್ತಿಸಿ ಗೋಕಾಕಿನ ಗ್ಯಾರೇಜಿಗೆ ಕರೆದುಕೊಂಡು ಹೋದೆ.

"ನಾಕೂ ಹೊಸಾವ ಹಾಕಬೇಕೇನ್ರಿ?" ಎಂದು ಕೇಳಿದ್ದಕ್ಕೆ ದಸ್ತಗೀರ್ ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟು ನಕ್ಕರು. "ನಾಕ ಅಲ್ರಿ ಸರ್, ನಾಕ್! ಇಂಗ್ಲೀಷಿನ್ಯಾಗ ಬಾಗಲಾ ಬಡಿಯೂದಕ್ಕ ಅಂತಾರಲ್ರಿ, ಆ ನಾಕ್. ಇಂಜಿನ್ ಒಳಗ ಟಕ್ ಟಕ್ ಬಡದ್ರ ಕೇಳಿ ಕಂಪ್ಯೂಟರಿಗೆ ಹೇಳೂ ಕಿವಿ ಇದು. ಕಿವಿ ಚಲೋ ಐತಿ. ಕಿವೀ ವಾಯರ್ ಇಲಿ ಕಡದಾವು."

ಸುಮಂಗಲಾ ಸೆರಗು ಬಿಗಿ ಮಾಡಿಕೊಂಡಳು. "ಎಂಟ ದಿನಾತ್ರಿ, ಗಾಡ್ಯಾಗ ಇಲಿ ಹೊಕ್ಕಾವು ಅಂತ ಹೇಳಾಕತ್ತೇನಿ. ಹೂಂ, ಹೂಂ ಅಂದ್ರು."

"ಇಂಥಾ ಕೇಸ್ ಭಾಳ ಬರ್ತಾವ್ರಿ, ಅಕ್ಕಾರ" ಎಂದರು ಮೇಸ್ತ್ರಿ, ಬಾನೆಟ್ಟಿನೊಳಗೆ ಬಗ್ಗಿ. ಯಾವ ಕೇಸಿನ ಬಗ್ಗೆ ಹೇಳಿದರೋ ನಾನು ಕೇಳಲಿಲ್ಲ.

ವೈರು ಬದಲಾಯಿತು, ದೀಪ ಆರಿತು. ಮೈದುನನಿಗೆ ಫೋನು ಮಾಡಿ ನಾಕ ಮತ್ತು ನಾಕ್‌ಗಳ ವ್ಯತ್ಯಾಸವನ್ನು, ನನ್ನ ದಡ್ಡತನವನ್ನು ಬಿಡಿಸಿ ಹೇಳಿದೆ. ಆ ಕಡೆ ಇಡೀ ಮನೆ ನಕ್ಕಿತು. ಕಾಕಾನ ಮಗಳು ನಗುತ್ತಲೇ ಹಕ್ಕು ಬಿಟ್ಟುಕೊಟ್ಟಳು.

ಭಾನುವಾರ ಸುಮಂಗಲಾ ತೊಟ್ಟಿಲಿಗೆ ಬಗ್ಗಿ "ಕುರ್ರ್" ಅಂದಳು. ಹೆಂಗಸರು ಮನಸಾರೆ ಗುದ್ದಿದರು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಿಟಕಿಯಲ್ಲಿ ತೊಟ್ಟಿಲಿನಂಥದೇ ಒಂದು ಮೋಡ ತೇಲುತ್ತಿತ್ತು. ಅಷ್ಟರಲ್ಲಿ ಅಜ್ಜಿಯೊಬ್ಬಳು ನನ್ನ ತೋಳು ಜಗ್ಗಿ, "ಏನ ಹೆಸರ ಇಟ್ರಿಪಾ?" ಎಂದಳು.

ನಾನು ಸುಮಂಗಲಾಳ ಮುಖ ನೋಡಿದೆ. "ಏನ ಇಟ್ಟಿ?"

ನನ್ನ ಬೆನ್ನ ಮೇಲೆ ಒಂದು ಗುದ್ದು ಬಿತ್ತು. ನಾಕ್ ಅಂದರೇನೆಂದು ಪೂರ್ತಿ ತಿಳಿದದ್ದು ಆಗಲೇ. ಅವಳು ನನ್ನ ಕಿವಿಯ ಹತ್ತಿರ ಬಂದು ಹೆಸರನ್ನು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದಳು.

ನಾನು ಹೂಂ ಅಂದೆ.