ಕಾಲೆತ್ತಿದರೆ ನಿಲ್ಲುವ ಕಾರು

ಲಕ್ಷ್ಮೀಪತಿ ಆ ಹಳೆಯ ಕಾರಿಗೆ ಕೊಟ್ಟದ್ದು ಒಂಬೈನೂರು ರೂಪಾಯಿ. ತರೀಕೆರೆಯ ತನ್ನ ಹೋಟೆಲಿನಲ್ಲಿ ಆಣೆಗೊಂದರಂತೆ ಇಡ್ಲಿ ಮಾರುವ ಮನುಷ್ಯ. ಅವನ ಲೆಕ್ಕದಲ್ಲಿ ಅದು ಹದಿನಾಲ್ಕು ಸಾವಿರದ ನಾನೂರು ಇಡ್ಲಿ. "ಅಷ್ಟು ಇಡ್ಲಿ ಗುಡ್ಡೆ ಹಾಕಿ ಹತ್ತಿ ನಿಂತಿದ್ರೆ ಇಲ್ಲಿಂದಲೇ ಕೆಮ್ಮಣ್ಣುಗುಂಡಿ ಕಾಣ್ತಿತ್ತು, ಕಾರು ಯಾಕೆ ಬೇಕಿತ್ತು?" ಎಂದಿದ್ದಳು ಹೆಂಡತಿ ಶಾರದಾಂಬಾ.

ಕಾರಿಗೆ ಇದ್ದದ್ದು ಒಂದೇ ರೋಗ. ಓಡುವಾಗ ಕುದುರೆ, ವೇಗ ತಗ್ಗಿಸಿದರೆ ಮಾವನನ್ನು ಕಂಡ ಹೊಸ ಸೊಸೆಯ ಹಾಗೆ ತಟ್ಟನೆ ಮೌನ.

ಆ ದಿನ ಮಾತ್ರ ಅದು ನಿಲ್ಲಬಾರದಿತ್ತು. ಅಜ್ಜಂಪುರದ ಈರಭದ್ರಪ್ಪನವರ ಮಗಳದು ಮೂರು ದಿನದ ಮದುವೆ, ದಿನಕ್ಕೆ ಸಾವಿರ ಇಡ್ಲಿ. ಹತ್ತು ಗಂಟೆಯೊಳಗೆ ಬಂದರೆ ವೀಳ್ಯ ಕೊಟ್ಟು ಮಾತು ಗಟ್ಟಿ ಮಾಡುತ್ತೇನೆಂದು ಅವರು ಹೇಳಿ ಕಳಿಸಿದ್ದರು. ಈ ಮದುವೆ ಸಿಕ್ಕರೆ ಸುತ್ತಲಿನ ಮದುವೆಗಳೂ ಸಿಗುತ್ತಿದ್ದವು. ಲಕ್ಷ್ಮೀಪತಿ ಕಾರು ಕೊಂಡದ್ದೇ ಅದಕ್ಕಾಗಿ.

ಅಜ್ಜಂಪುರದ ರೈಲ್ವೆ ಗೇಟು ಹಾಕಿತ್ತು. ಲಕ್ಷ್ಮೀಪತಿ ಪೆಡಲಿನಿಂದ ಕಾಲೆತ್ತಿದ, ಎಂಜಿನ್ ನಿಂತಿತು. ರೈಲು ಹೋಯಿತು, ಗೇಟು ತೆರೆಯಿತು, ಎತ್ತಿನ ಗಾಡಿಗಳೂ ದಾಟಿ ಹೋದವು. ಕಾರು ಕದಲಲಿಲ್ಲ. ಜನ ಸೇರಿದರು.

"ಬಾಯಾರೈತೆ, ನೀರು ಹುಯ್ರೀ," ಎಂದ ಸೈಕಲ್ ಹಿಡಿದು ನಿಂತಿದ್ದ ಕರಿಸಿದ್ದಪ್ಪ.

"ದೃಷ್ಟಿ ಆಗೈತೆ ಕಣಪ್ಪಾ, ನಿಂಬೆಹಣ್ಣು ಕಟ್ಟು," ಎಂದಳು ಮೊಸರು ಮಾರುವ ತೀರ್ಥಮ್ಮ.

"ಇದಕ್ಕೆ ದೃಷ್ಟಿ ಹಾಕೋಕೆ ಯಾರಿಗಮ್ಮಾ ಮನಸ್ಸು ಬರತ್ತೆ?" ಎಂದ ಲಕ್ಷ್ಮೀಪತಿ.

ಯಾರೋ ಹೋಗಿ ಮೆಕ್ಯಾನಿಕ್ ಮುದ್ದಪ್ಪನನ್ನು ಕರೆತಂದರು. ಅವನು ಹ್ಯಾಂಡಲ್ ಹಾಕಿ ತಿರುಗಿಸಿ, ಎಂಜಿನ್ನಿಗೆ ಕಿವಿಗೊಟ್ಟು ಕೇಳಿದ.

"ಕಾಲು ಒತ್ತಿದ್ರೆ ಓಡ್ತೈತೆ, ಎತ್ತಿದ್ರೆ ಸಾಯ್ತೈತೆ. ಐಡ್ಲಿಂಗ್ ಕೆಟ್ಟೋಗೈತೆ ಸ್ವಾಮಿ."

"ಹಾಗಂದ್ರೆ?"

"ಗಾಡಿ ನಿಂತಾಗ್ಲೂ ಎಂಜಿನ್ ಸಣ್ಣಗೆ ಉಸಿರಾಡ್ತಿರ್ಬೇಕು. ಅದೇ ಐಡ್ಲಿಂಗ್." ಮುದ್ದಪ್ಪ ಕಾರ್ಬುರೇಟರ್ ಬಿಚ್ಚಿದ. "ಅಯ್ಯಯ್ಯೋ, ಒಳಗೆಲ್ಲ ಮಣ್ಣು! ಯಾವಾಗ ತೊಳ್ದಿದ್ರಿ?"

"ನಾನು ಒಂದು ದಿನವೂ ತೊಳೆದಿಲ್ಲ ಕಣಯ್ಯಾ."

ಗಂಟೆ ಹತ್ತಾಗುತ್ತಿತ್ತು. "ಇಡ್ಲಿ ಮಾತಿಗೆ ಹತ್ತರೊಳಗೆ ಈರಭದ್ರಪ್ಪನವರ ಮನೇಲಿರಬೇಕಿತ್ತು," ಎಂದು ಲಕ್ಷ್ಮೀಪತಿ ಚಡಪಡಿಸಿದ. ಕರಿಸಿದ್ದಪ್ಪನಿಗೆ ಕನಿಕರವಾಯಿತು. "ನೀವು ಹೆದರ್ಬ್ಯಾಡ್ರೀ. ಯಾಕೆ ತಡ ಆಯ್ತು ಅಂತ ಈರಭದ್ರಪ್ಪನೋರಿಗೆ ನಾನೇ ಹೋಗಿ ಹೇಳ್ತೀನಿ," ಎಂದು ಸೈಕಲ್ ಹತ್ತಿದ.

ಮುದ್ದಪ್ಪ ಮಣ್ಣು ತೊಳೆದು, ಸಣ್ಣ ತೂತಿಗೆ ಬಾಯಿಟ್ಟು ಊದಿ, ಒಂದು ತಿರುಪನ್ನು ಅರ್ಧ ಸುತ್ತು ಬಿಗಿಮಾಡಿದ. ಕಾರು ನಿಂತಲ್ಲೇ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು.

ಹತ್ತೂವರೆಗೆ ಈರಭದ್ರಪ್ಪನವರ ಬಾಗಿಲಲ್ಲಿ ಲಕ್ಷ್ಮೀಪತಿ ಹೆಮ್ಮೆಯಿಂದ ಕಾಲೆತ್ತಿದ. ಎಂಜಿನ್ ಓಡುತ್ತಲೇ ಇತ್ತು. ಜಗಲಿಯ ಮೇಲಿದ್ದ ಯಜಮಾನರ ಮುಖ ಮಾತ್ರ ಗಂಟಿಕ್ಕಿತ್ತು.

"ನಿಜ ಒಪ್ಕೊಂಡಿದ್ದು ದೊಡ್ಡದು ಸ್ವಾಮಿ. ಆದ್ರೆ ಬೀಗರ ಎಲೆಗೆ ಹೆಂಗೆ ಬಡಿಸ್ಲಿ? ನಿಮ್ಮ ಇಡ್ಲಿ ಕೆಟ್ಟೋಗೈತಂತೆ, ಒಳಗೆಲ್ಲ ಮಣ್ಣಂತೆ, ಒಂದು ದಿನಾನೂ ತೊಳ್ದಿಲ್ಲ ಅಂತ ನೀವೇ ಅಂದ್ರಂತೆ!"

"ಒಂದಕ್ಷರ ಬಿಡ್ದಂಗೆ ಹೇಳಿದೀನಿ," ಎಂದ ಕಂಬಕ್ಕೊರಗಿದ್ದ ಕರಿಸಿದ್ದಪ್ಪ.

ಲಕ್ಷ್ಮೀಪತಿ ಬೆವರು ಸುರಿಸಿಕೊಂಡು ಐಡ್ಲಿಂಗ್ ಅಂದರೇನೆಂದು ವಿವರಿಸಿದ. ಈರಭದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ವೀಳ್ಯ ಇಲ್ಲೇ ಕಾದು ಕೂತಿದ್ದ ಕಡೂರಿನ ಹೋಟ್ಲು ಷಡಕ್ಷರಿಗೆ ಈಗ ತಾನೇ ಕೊಟ್ಬಿಟ್ಟೆನಲ್ಲ. ಕೊಟ್ಟ ವೀಳ್ಯ ವಾಪಸ್ ಕೇಳೋಕಾಯ್ತದಾ? ಅವನಿಗೆ ಇಡ್ಲಿ ತರೋಕೆ ಗಾಡಿ ಇಲ್ವಂತೆ. ನಿಮ್ದು ಈಗ ಸರಿಹೋಯ್ತಲ್ಲ?" ಎಂದರು.

ಮದುವೆಯ ಮೂರು ದಿನವೂ ಲಕ್ಷ್ಮೀಪತಿಯ ಕಾರು ಕಡೂರಿನಿಂದ ಅಜ್ಜಂಪುರಕ್ಕೆ ಷಡಕ್ಷರಿಯ ಇಡ್ಲಿ ಹೊತ್ತು ಓಡಿತು. ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಲಕ್ಷ್ಮೀಪತಿಗೆ ಪೆಟ್ರೋಲಿನ ದುಡ್ಡು ಸಿಕ್ಕಿತು, ಮದುವೆಯ ವ್ಯಾಪಾರ ಹೋಯಿತು.