ಮೇಷ್ಟ್ರ ಮೇಜಿನ ಕಾಲು

ಬಡಗಿಗೆ ಒಂದು ಅಭ್ಯಾಸವಿತ್ತು. ಕೆಲಸಕ್ಕೆ ನಿಂತನೆಂದರೆ ಕಿವಿಗೆ ಹತ್ತಿ, ಬಾಯಿಗೆ ನಾಲ್ಕು ಮೊಳೆ. ಹೆಂಡತಿ ಹೇಳಿದ್ದು ಕೇಳಿಸುತ್ತಿರಲಿಲ್ಲ, ಕೇಳಿಸದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಇಪ್ಪತ್ತು ವರ್ಷದ ಸಂಸಾರ ಆ ತಲೆಯಾಟದ ಮೇಲೆಯೇ ನಡೆದಿತ್ತು.

ಸಂಜೆ ಐದರ ಹೊತ್ತಿಗೆ ಚಂಡಮಾರುತ ದಡ ಮುಟ್ಟುತ್ತದೆ ಎಂದು ಬೆಳಗ್ಗೆ ರೇಡಿಯೋ ಹೇಳಿತು. ಹೆಂಡತಿ ಬಂದವಳೇ ಅವನ ಕಿವಿಯ ಹತ್ತಿ ಕಿತ್ತಳು.

"ಹೋದ ಸಲ ಬೀದಿಯವರ ಕಿಟಕಿಗೆಲ್ಲ ಹಲಗೆ ಹೊಡೆದು ಬಂದ್ರಿ, ನಮ್ಮ ಚಾವಣಿ ಹಾರಿಹೋಯ್ತು. ಈ ಸಲವೂ ಹಂಗೇ ಆದ್ರೆ ನಾನು ಅಣ್ಣನ ಮನೆಗೆ ಹೋಗ್ತೀನಿ, ವಾಪಸ್ ಬರೋಳಲ್ಲ. ಮೊದಲು ನಮ್ಮನೆ. ಆಯ್ತಾ?"

"ಆಯ್ತು ಕಣೇ."

ಹತ್ತಿ ಮತ್ತೆ ಕಿವಿ ಸೇರಿತು. ಆಮೇಲೂ ಅವಳು ಎದುರು ಮನೆಯ ಕಡೆ ಕೈ ತೋರಿಸಿ ಏನೋ ಹೇಳಿದಳು. ಬಡಗಿ ಚೆನ್ನಾಗಿ ತಲೆಯಾಡಿಸಿದ.

ಹಿತ್ತಲಲ್ಲಿ ಗಂಟೆಗಟ್ಟಲೆ ಹಲಗೆ ಕೊಯ್ದು, ಹೊತ್ತುಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಅಕ್ಕ ಅಡ್ಡ ನಿಂತಿದ್ದಳು. ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅಲ್ಲಪ್ಪಾ, ಮೊದಲು ಆ ಮೇಷ್ಟ್ರ ಮನೆ ಮುಚ್ಚು. ಖಾಲಿ ಮನೆ, ಕೇಳೋರಿಲ್ಲ. ಅದರ ಬಾಗಿಲು ಕಿತ್ತುಬಂದ್ರೆ ನೇರ ನನ್ನ ಮೆಷಿನ್ ಮೇಲೇ ಬೀಳೋದು. ಐದೇ ನಿಮಿಷದ ಕೆಲಸ!"

ಎದುರಿನ ಕಲ್ಲಿನ ಮನೆಯ ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಬೀದಿಯಲ್ಲಿ ಅವರ ಕೈಯಲ್ಲಿ ಏಟು ತಿನ್ನದವರು ಯಾರೂ ಇರಲಿಲ್ಲ. ನಿವೃತ್ತಿಯಾದ ಮೇಲೂ ಮೇಜಿನ ಮುಂದೆ ಕೂತು, ಯಾರನ್ನಾದರೂ ಕರೆಯಬೇಕಾದರೆ ರೂಲುದೊಣ್ಣೆಯಿಂದ ಮೂರು ಸಲ ಕುಟ್ಟುತ್ತಿದ್ದರು. ಮೇಜಿನ ಒಂದು ಕಾಲು ಸಡಿಲ. ಹಾಗಾಗಿ ಸದ್ದು ಟಕ್, ಟಕ್, ಟೊಕ್ ಎಂದು ಬರುತ್ತಿತ್ತು. ಮೂರನೆಯದು ಕಾಲು ನೆಲಕ್ಕೆ ಬಡಿದ ಸದ್ದು. ಆ ಕಾಲು ಸರಿಮಾಡು ಎಂದು ಅವರು ಎರಡು ವರ್ಷ ಬಡಗಿಯನ್ನು ಕರೆದಿದ್ದರು. ಇವನು ಎರಡು ವರ್ಷವೂ "ನಾಳೆ ಬರ್ತೀನಿ ಮೇಷ್ಟ್ರೇ" ಎಂದಿದ್ದ.

ಈಗ ಹೋಗಿ ಕಿಟಕಿಗಳಿಗೆ ಹಲಗೆ ಹೊಡೆದ. ಹಿತ್ತಲ ಬಾಗಿಲಿಗೆ ಹೊಡೆದ, ಮುಂಬಾಗಿಲಿಗೂ ಅಡ್ಡಡ್ಡ ಎರಡು ಹೊಡೆದ. ಮುಗಿಯುವಷ್ಟರಲ್ಲಿ ಬೇಕರಿಯಣ್ಣ ಕೈ ಹಿಡಿದೆಳೆದ. ಅಲ್ಲಿಂದ ಅಂಚೆಯಣ್ಣ ಎಳೆದ. "ಐದೇ ನಿಮಿಷ" ಎನ್ನದವರೇ ಇಲ್ಲ. ಇಲ್ಲ ಎನ್ನಲು ಇವನ ಬಾಯಲ್ಲಿ ಮೊಳೆ.

ಮೂರು ಗಂಟೆಗೆ ತಲೆಯೆತ್ತಿ ನೋಡಿದರೆ ಹಲಗೆ ಖಾಲಿ. ಆಕಾಶ ಹಳೇ ತಾಮ್ರದ ಕೊಡದ ಬಣ್ಣಕ್ಕೆ ತಿರುಗಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ತಂತಿಯ ಮೇಲೆ ಕಾಗೆಗಳಿರಲಿಲ್ಲ. ಬೀದಿನಾಯಿಗಳು ಸಾಲಾಗಿ ಸಮುದ್ರದ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದವು.

ಬಡಗಿ ಮನೆಗೆ ಓಡಿದ. ಹೆಂಡತಿ ಇಲ್ಲ. ಅಕ್ಕಿ ಚೀಲ, ಸ್ಟವ್, ಟಾರ್ಚು, ಮೇಣದಬತ್ತಿ, ಬಿಸ್ಕತ್ತಿನ ಡಬ್ಬ ಯಾವುದೂ ಇಲ್ಲ. ನೀರಿನ ಕ್ಯಾನುಗಳೂ ಇಲ್ಲ.

"ಅಯ್ಯೋ, ಹೊರಟೇಹೋದ್ಲಾ!" ಎಂದು ಹೊಸ್ತಿಲ ಮೇಲೆ ಕುಸಿದ. ಚಾವಣಿ ಹೋದರೆ ಇನ್ನೊಂದು ಹೊದಿಸಬಹುದು. ಅವಳಿಲ್ಲದ ಮನೆಯಲ್ಲಿ ಯಾರಿಗೆ ತಲೆಯಾಡಿಸುವುದು? ನಿಜಕ್ಕೂ ಅಳು ಬಂತು.

ಆಗ ಕೇಳಿಸಿತು. ಹತ್ತಿ ತುಂಬಿದ ಕಿವಿಗೇ ಕೇಳಿಸಿತು.

ಟಕ್. ಟಕ್. ಟೊಕ್.

ಹತ್ತಿ ತೆಗೆದ. ಮತ್ತೆ ಮೂರು ಸಲ. ತಾನೇ ಮೊಳೆ ಹೊಡೆದು ಮುಚ್ಚಿದ ಎದುರು ಮನೆಯ ಒಳಗಿಂದ.

ಬೀದಿಯವರೆಲ್ಲ ಹೊರಗೆ ಬಂದಿದ್ದರು. ದರ್ಜಿ ಅಕ್ಕ ಟೇಪನ್ನು ಜಪಮಾಲೆಯಂತೆ ಹಿಡಿದಿದ್ದಳು.

"ಮೇಷ್ಟ್ರೇ ಕಣ್ರೋ," ಎಂದ ಅಂಚೆಯಣ್ಣ, ಸಣ್ಣ ದನಿಯಲ್ಲಿ.

"ಸುಮ್ನಿರಯ್ಯ, ಯಾರೋ ಒಳಗೆ ಸಿಕ್ಕಿಹಾಕ್ಕೊಂಡಿರಬೇಕು," ಎಂದ ಬೇಕರಿಯಣ್ಣ, ನಾಲ್ಕು ಹೆಜ್ಜೆ ಹಿಂದೆ ಸರಿದು. "ನೀನೇ ಹೊಡೆದ ಮೊಳೆ, ನೀನೇ ಕೀಳಪ್ಪ."

ಹೆಂಡತಿ ಬೆಳಗ್ಗೆ ಆ ಮನೆಯ ಕಡೆ ಕೈ ತೋರಿಸಿದ್ದು ಬಡಗಿಗೆ ಥಟ್ಟನೆ ನೆನಪಾಯಿತು. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯ ಬೀಗದ ಕೈ ಇದ್ದದ್ದು ಅವಳ ಹತ್ತಿರವೇ! ಹಾರೆ ಹಿಡಿದು ಓಡಿದ. ಹಲಗೆ ಕಿತ್ತ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಹಾರೆಯಿಂದ ಮೀಟಿದ ರಭಸಕ್ಕೆ ಚಿಲಕವೇ ಮುರಿದು ಬಿತ್ತು.

ಹೆಂಡತಿ ಕಣ್ಣುಜ್ಜುತ್ತಾ ನಿಂತಿದ್ದಳು. ಹಿಂದೆ ಅಕ್ಕಿ, ನೀರು, ಸ್ಟವ್ ಎಲ್ಲ ಒಪ್ಪವಾಗಿ ಜೋಡಿಸಿತ್ತು.

"ಕಲ್ಲಿನ ಮನೆ ಗಟ್ಟಿ, ಸಾಮಾನೆಲ್ಲ ಅಲ್ಲಿಗೆ ಸಾಗಿಸ್ತೀನಿ ಅಂದೆನಲ್ಲ, ತಲೆ ಬೇರೆ ಆಡಿಸಿದ್ರಿ! ಬಾಗಿಲು ಯಾಕೆ ಒಡೆದ್ರಿ?" ಎಂದವಳು ಅವನ ಬೆನ್ನ ಹಿಂದೆ ನೋಡಿ ಹಣೆ ಚಚ್ಚಿಕೊಂಡಳು. "ಬೀದಿಯೆಲ್ಲ ನುಗ್ಗುತ್ತೆ ಅಂತಲೇ ಗುಟ್ಟಾಗಿ ಚಿಲಕ ಹಾಕ್ಕೊಂಡಿದ್ದೆ."

ಬೀದಿಯೆಲ್ಲ ಆಗಲೇ ನುಗ್ಗಿತ್ತು. ದರ್ಜಿ ಅಕ್ಕ ಮೆಷಿನ್ ಸಮೇತ ಬಂದಿದ್ದಳು. ಹೊರಗೆ ದೂರದಲ್ಲಿ ಗುರ್ ಎಂಬ ಸದ್ದು ಎದ್ದು, ಮೊದಲ ಗಾಳಿ ಬೀದಿಯ ಧೂಳನ್ನೆಲ್ಲ ಒಂದೇ ಸಲ ಬಾಚಿಕೊಂಡು ಹೋಯಿತು. ಅದರ ಹಿಂದೆಯೇ ಬಡಗಿಯ ಚಾವಣಿ, ಹೋದ ಸಲದ ದಾರಿಯಲ್ಲೇ, ಹೊರಟುಹೋಯಿತು.

"ಬಾಗಿಲು! ಬಾಗಿಲು!" ಎಂದು ಎಲ್ಲರೂ ಕಿರುಚಿದರು. ಬಡಗಿ ಬಾಗಿಲನ್ನು ಚೌಕಟ್ಟಿಗೇ ಸೇರಿಸಿ, ಒಳಗಿಂದ ಉಳಿದ ಎಂಟು ಮೊಳೆಯನ್ನೂ ತಲೆ ಮುಳುಗುವ ಹಾಗೆ ಹೊಡೆದ. ಇನ್ನು ಆನೆ ಬಂದರೂ ಅಲುಗದು. ಚಾವಣಿ ಹೋಗಲಿ, ಹೆಂಡತಿ ಸಿಕ್ಕಳು. ಟಾರ್ಚಿನ ಬೆಳಕಲ್ಲಿ ಅವಳ ಪಕ್ಕ ಕೂತು ಮೆತ್ತಗೆ ಕೇಳಿದ:

"ಪಾಪ, ಎಷ್ಟೊತ್ತಿಂದ ಮೇಜು ಕುಟ್ತಾ ಇದ್ಯೋ. ಕೈ ನೋಯ್ತಿದ್ಯಾ?"

"ನಾನೆಲ್ಲಿ ಕುಟ್ಟಿದೆ?" ಎಂದಳು ಅವಳು. "ಅಕ್ಕಿ ಚೀಲದ ಮೇಲೆ ತಲೆಯಿಟ್ಟೆ, ನಿಮ್ಮ ಸುತ್ತಿಗೆ ಸದ್ದು ಶುರುವಾಯ್ತು. ಇಪ್ಪತ್ತು ವರ್ಷದಿಂದ ಅದು ಕೇಳಿದ್ರೆ ನಂಗೆ ನಿದ್ದೆ ಬರುತ್ತೆ. ಎಚ್ಚರ ಆಗಿದ್ದೇ ನೀವು ಬಾಗಿಲು ಒಡೆದಾಗ."

ಮುಚ್ಚಿದ ಒಳಕೋಣೆಯಿಂದ, ಗಾಳಿಯ ಅಬ್ಬರದ ನಡುವೆಯೂ ಸ್ಪಷ್ಟವಾಗಿ:

ಟಕ್. ಟಕ್. ಟೊಕ್.

ಬೇಕರಿಯಣ್ಣ ಕೈಕಟ್ಟಿ ಚಕ್ಕಳಮಕ್ಕಳ ಹಾಕಿ ಕೂತ. ಅಂಚೆಯಣ್ಣ ಬಾಯಿಯ ಮೇಲೆ ಬೆರಳಿಟ್ಟುಕೊಂಡ. ದರ್ಜಿ ಅಕ್ಕ ಹಿಂದಿನ ಸಾಲಿಗೆ ಸರಿದಳು. ನಿಂತಿದ್ದವನು ಬಡಗಿಯೊಬ್ಬನೇ.

"ಮಾಡ್ತೀನಿ ಮೇಷ್ಟ್ರೇ, ಈಗಲೇ ಮಾಡ್ತೀನಿ," ಎಂದು ಸುತ್ತಿಗೆ ಎತ್ತಿಕೊಂಡು ಜೇಬು ತಡಕಿದ. ಇನ್ನೊಂದು ಜೇಬು ತಡಕಿದ. ಬಾಯೊಳಗೂ ನಾಲಿಗೆ ಆಡಿಸಿ ನೋಡಿದ. ಒಂದು ಮೊಳೆಯೂ ಇರಲಿಲ್ಲ. ಎಂಟೂ ಬಾಗಿಲಲ್ಲಿದ್ದವು.

ಬೇಡಬೇಡವೆಂದರೂ ಹಳೇ ಅಭ್ಯಾಸ, ಮಾತು ಬಾಯಿಂದ ಜಾರಿಯೇ ಬಿಟ್ಟಿತು.

"ನಾಳೆ..."

ಒಳಗೆ ಯಾರೋ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ ಸದ್ದಾಯಿತು.