ಟೊಮೆಟೊ ಬಿಟ್ಟು ಬೇರೇನೂ ತಿನ್ನದ ಸಾವಕಾರ

ತಿನ್ನುವ ವಿಷಯದಲ್ಲಿ ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತು ದಾಟಿದರೂ ನನ್ನ ತಾಟಿನಲ್ಲಿ ಅದೇ ಜೋಳದ ರೊಟ್ಟಿ, ಅದೇ ಬದನೆಕಾಯಿ ಎಣ್ಣೆಗಾಯಿ, ಅದೇ ಶೇಂಗಾ ಚಟ್ನಿ. ಮದುವೆ ಮನೆಯಲ್ಲಿ ಹೆಸರು ಗೊತ್ತಿಲ್ಲದ ಪದಾರ್ಥ ಬಡಿಸುವವರು ಹತ್ತಿರ ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿಬಿಡುತ್ತೇನೆ. ಇಂಥ ನಾನು ಒಂದು ಮರಿ ಆಮೆಗೆ ಹೊಸ ಊಟ ಕಲಿಸಲು ಹೊರಟಿದ್ದೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗಲು ಅಷ್ಟಾಗಿ ಏನೂ ಇಲ್ಲ.

ಆಮೆ ಬಂದದ್ದು ನನ್ನ ಹೆಂಡತಿ ನೀಲಾಳ ತವರು ಹೊಳೆಮಣ್ಣೂರಿನಿಂದ. ಅವಳ ತಮ್ಮನಿಗೆ ಹೊಲದ ಬದುವಿನಲ್ಲಿ ಸಿಕ್ಕಿತಂತೆ. ಅಂಗೈಯಗಲದ ಮರಿ, ಬೆನ್ನ ಮೇಲೆ ಹಳದಿ ಗೆರೆಗಳ ಚಿತ್ತಾರ. “ಮನ್ಯಾಗ ಆಮಿ ಇದ್ರ ಚಲೋ ಅಂತಾರ ಮಾವಾರ” ಎಂದು ಚೀಲ ಬಿಚ್ಚಿ ನೆಲಕ್ಕೆ ಬಿಟ್ಟ. ನೇಕಾರನಾದ ನನಗೆ ಆ ಚಿತ್ತಾರ ಕಂಡೊಡನೆ ಸೆರಗಿನ ನೆನಪಾಯಿತು, ಮನಸ್ಸು ಕರಗಿತು. ಕೂತಲ್ಲೇ ಕೂತು ಉಣ್ಣುವ ಅದರ ಠೀವಿ ನೋಡಿ ಸಾವಕಾರ ಎಂದು ಹೆಸರಿಟ್ಟೆವು. ಮೊದಲ ದಿನ ಕೈಗೆ ಸಿಕ್ಕ ಟೊಮೆಟೊ ಹೋಳು ಹಾಕಿದೆ. ಸಾವಕಾರ ಮೂತಿಯೆಲ್ಲ ಕೆಂಪು ಮಾಡಿಕೊಂಡು ತಿಂದ. ಮರುದಿನವೂ ಅದೇ. ಮೂರು ತಿಂಗಳು ಅದೇ. ಒಂದೇ ಪದಾರ್ಥವನ್ನು ನಿತ್ಯ ತಿನ್ನುವುದು ದೋಷವೆಂದು ನನಗೆ ಹೇಗೆ ಹೊಳೆಯಬೇಕು?

ಒಂದು ದಿನ ಎತ್ತಿಕೊಂಡಾಗ ಚಿಪ್ಪು ಹೆಬ್ಬೆರಳಿಗೆ ಮೆತ್ತಗೆ ತಗುಲಿತು. ನೀಲಾ ಗಾಬರಿಯಾದಳು. ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಓಡಿದೆವು. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕ ತಪ್ಪಲಾ, ಹುಲ್ಲು, ಬಿಸಲು ಬೇಕ್ರಿ. ಬರೇ ಟಮಾಟಿ ತಿನಿಸಿದ್ರ ಚಿಪ್ಪು ಹ್ಯಾಂಗ ಗಟ್ಟಿ ಆಗಬೇಕು? ಹಿಂಗ ಬಿಟ್ರ ಉಳಿಯಂಗಿಲ್ಲ” ಎಂದರು. ಆಮೇಲೆ ದನಿ ತಗ್ಗಿಸಿ, “ಇದನ್ನ ಮನ್ಯಾಗ ಸಾಕೂದು ಕಾಯ್ದೆ ಪ್ರಕಾರ ತಪ್ಪೈತ್ರಿ. ಅರಣ್ಯ ಇಲಾಖೆಯವರಿಗೆ ನಾನ ಹೇಳಿ ಕಳಸ್ತೀನಿ. ಅವರು ಬರೂತನಕರ ಸೊಪ್ಪು ತಪ್ಪಲಾ ತಿನ್ನೂದು ರೂಢಿ ಮಾಡ್ರಿ” ಎಂದರು. ಪುಣ್ಯಕ್ಕೆ ಸಾಕಿದ್ದೇವೆಂದುಕೊಂಡಿದ್ದ ನಾವಿಬ್ಬರೂ ಕಳ್ಳರಂತೆ ಬುಟ್ಟಿ ಮುಚ್ಚಿಕೊಂಡು ಬಂದೆವು.

ಅಂದಿನಿಂದ ಉಪಚಾರ ಶುರುವಾಯಿತು. ನಮ್ಮದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥದು. ಕೂತರೆ ನನ್ನ ಮೊಣಕೈಗೆ ನೆಲ ಸಮ. ನೇಯುತ್ತಲೇ ಕಣ್ಣಿಡಬಹುದೆಂದು ಸಾವಕಾರನ ತಾಟನ್ನು ಮಗ್ಗದ ಮಗ್ಗುಲಿಗೇ ಇಟ್ಟುಕೊಂಡೆ. ರೊಟ್ಟಿಯ ಜೊತೆ ನಾವು ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ಇಟ್ಟೆ. ಲಾಳಿ ಓಡಿಸಿದೆ. ಸಾವಕಾರನ ತಲೆ ಚಿಪ್ಪಿನ ಒಳಗೆ. ನಮ್ಮ ಕಡೆ ಬೀಗರು ಮುಟ್ಟದ ಪಲ್ಯವನ್ನು ಹಾಗೇ ಅವರ ತಾಟಿನಲ್ಲಿ ಬಿಟ್ಟರೆ ಮನೆತನಕ್ಕೇ ಕುಂದು, ತಕ್ಷಣ ಬೇರೆಯದು ಬಡಿಸಬೇಕು. ಹಾಗಾಗಿ ಹಕ್ಕರಕಿ ತೆಗೆದು ಮೆಂತ್ಯೆ ಇಟ್ಟೆ. ಅರ್ಧ ತಾಸಿಗೆ ಮೆಂತ್ಯೆ ತೆಗೆದು ಕಿರಸಾಲಿ ಸೊಪ್ಪು ಇಟ್ಟೆ. “ಒಂದ ತುತ್ತು ತಿನ್ನಪಾ, ನನ್ನ ಮಾತಿಗೆ ಬೆಲಿ ಇಲ್ಲೇನು?” ಎಂದು ಒತ್ತಾಯ ಮಾಡಿದೆ. ಸಾವಕಾರ ಚಿಪ್ಪಿನ ಬಾಗಿಲು ತೆಗೆಯಲಿಲ್ಲ. ಅಡುಗೆಮನೆಯಿಂದ ನೋಡುತ್ತಿದ್ದ ನೀಲಾ, “ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ ಅಂತಾರ. ನಿಮ್ಮದು ಖರೇನ ಬದನಿಕಾಯಿ” ಎಂದಳು. ಆಮೇಲೆ ಮೆಲ್ಲಗೆ, “ಮಗ್ಗ ಒಂದೀಟು ನಿಲ್ಲಸ್ರಿ. ಅದು ಅಂಜತೈತಿ” ಎಂದಳು. ಮಗ್ಗದ ಮೇಲೆ ಬೇಗ ಮುಗಿಸಿ ಕೊಡಬೇಕಾದ ಮದುವೆಯ ಸೀರೆಯಿತ್ತು. ಮಗ್ಗದ ಸದ್ದಿಗೆ ಅಂಜುವ ಜೀವ ನೇಕಾರನ ಮನೆಯಲ್ಲಿ ಬಾಳೀತೇ ಎಂದು ನಕ್ಕುಬಿಟ್ಟೆ. ಆರು ದಿನ ಹೀಗೇ ಹೋಯಿತು. ಅದು ತಿಂದದ್ದು ಶೂನ್ಯ, ನಾನು ತಾಟು ಬದಲಿಸಿದ್ದಕ್ಕೆ ಲೆಕ್ಕವಿಲ್ಲ.

ಏಳನೆಯ ದಿನ ಅಮಾವಾಸ್ಯೆ. ಅಂದು ನಾವು ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಹೊಸ ತರಕಾರಿ ಏನಾದರೂ ಸಿಕ್ಕೀತೆಂದು ಬಸ್ಸು ಹತ್ತಿ ರೋಣಕ್ಕೆ ಹೋದೆ. ಗಜ್ಜರಿ, ಸೌತೆಕಾಯಿ, ಹೆಸರು ತಿಳಿಯದ ಎರಡು ಬಗೆಯ ಸೊಪ್ಪು ಹೊತ್ತು ಮಧ್ಯಾಹ್ನ ಮನೆಗೆ ಬಂದರೆ ನೀಲಾ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. ಹಿತ್ತಲ ಬಿಸಿಲಿನಲ್ಲಿ ಸಾವಕಾರ ಕತ್ತು ಚಾಚಿ ಹಕ್ಕರಕಿಯನ್ನು ಹರಿದು ಹರಿದು ತಿನ್ನುತ್ತಿದ್ದ. ಮೊದಲ ದಿನ ನಾನು ಕಸಿದುಕೊಂಡಿದ್ದ ಅದೇ ಸೊಪ್ಪು. “ಏನ ಮಾಡಿದಿ?” ಎಂದು ಪಿಸುಗುಟ್ಟಿದೆ. “ಏನೂ ಮಾಡಿಲ್ರಿ. ಇಟ್ಟೆ, ಒಳಗ ಹೋದೆ” ಎಂದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಆರು ದಿನ ಮಗ್ಗ ಬಡಿದು ಆ ಜೀವದ ಹೊಟ್ಟೆಯ ಕೆಳಗಿನ ನೆಲವನ್ನೇ ನಡುಗಿಸುತ್ತ, ಹಸಿದವನ ಮುಂದಿನ ತಾಟನ್ನು ಎಳೆದೆಳೆದು ತೆಗೆದದ್ದು ನಾನೇ ಎಂಬುದು ಹೊಳೆದು, ತಂದ ಚೀಲವನ್ನು ಬಿಚ್ಚದೆ ಮೂಲೆಗಿಟ್ಟೆ.

ಹದಿನೈದು ದಿನಕ್ಕೆ ಅರಣ್ಯ ಇಲಾಖೆಯವರು ಬಂದು ಒಯ್ದರು. ಜೀವ ಉಳಿಯುತ್ತದೆ, ಆದರೆ ಮೆತ್ತಗಾದ ಚಿಪ್ಪು ಕುಸಿದು ಬೆನ್ನ ಮೇಲಾದ ತಗ್ಗು ಹೋಗುವುದಿಲ್ಲ ಎಂದು ಅವರ ಜೊತೆ ಬಂದಿದ್ದ ಡಾಕ್ಟರು ಹೇಳಿದರು. ಚಿತ್ತಾರದ ನಟ್ಟನಡುವೆ ಬಿದ್ದ ತಗ್ಗು. ಸೀರೆಯಾಗಿದ್ದರೆ ಎಳೆ ಬಿಚ್ಚಿ ಮತ್ತೆ ನೇಯುತ್ತಿದ್ದೆ.

ಅಂದು ರಾತ್ರಿ ಊಟಕ್ಕೆ ಕೂತಾಗ, ನೀಲಾ ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ್ದ ಹಾಗಲಕಾಯಿ ಎಣ್ಣೆಗಾಯಿ ನೆನಪಾಯಿತು. ತವರಿನ ಬೇಲಿಯ ಕಾಯಿ, ಶೇಂಗಾ ಬೆಲ್ಲ ತುಂಬಿ ಮಾಡಿದ್ದಳು. ಬಡಿಸಿ ಎದುರಿಗೆ ನಿಂತಿದ್ದಳು. ನಾನು ಬಾಯಿಗೂ ಇಡದೆ, ಅವ್ವನ ಎದುರಿಗೇ, “ಇದನ್ನ ಎಮ್ಮಿಗೆ ಹಾಕು” ಎಂದಿದ್ದೆ. ಆಮೇಲೆ ಅವಳು ಅದನ್ನು ಈ ಮನೆಯಲ್ಲಿ ಮಾಡಲೇ ಇಲ್ಲ. ತನಗಾಗಿಯೂ ಮಾಡಿಕೊಳ್ಳಲಿಲ್ಲ. ಇಪ್ಪತ್ತಾರು ವರ್ಷ. ಅದು ನನಗೆ ಗೊತ್ತಾದದ್ದು ಸಾವಕಾರ ಹೋದ ಆ ರಾತ್ರಿಯೇ.

ಮರುದಿನ ಸಂತೆಯಿಂದ ಹಾಗಲಕಾಯಿ ತಂದು ಅವಳ ಮುಂದಿಟ್ಟೆ. ಕಾಯಿಯನ್ನೂ ನನ್ನನ್ನೂ ನೋಡಿದಳು, ಎತ್ತಿಕೊಂಡು ಒಳಗೆ ಹೋದಳು. ಮಧ್ಯಾಹ್ನ ರೊಟ್ಟಿಯ ಜೊತೆ ಅದನ್ನು ಬಡಿಸಿ ತಾಟನ್ನು ಮಗ್ಗದ ಮಗ್ಗುಲಿಗೆ ತಂದಿಟ್ಟಳು. ಮೂಗಿಗೆ ಕಹಿ ಹೊಡೆಯಿತು. ಎಷ್ಟೇ ತಡೆದರೂ ನನ್ನ ಕತ್ತು ತಾನಾಗಿ ಹೆಗಲೊಳಗೆ ಇಳಿಯಿತು.

“ಮಗ್ಗ ನಿಲ್ಲಸ್ರಿ” ಎಂದಳು ನೀಲಾ. “ನಾ ನೋಡಂಗಿಲ್ಲ, ಒಳಗ ಹೋಗ್ತೀನಿ. ಸಾವಕಾಶ ತಿನ್ರಿ.”